ಎಂಟು ಸೆಮಿಸ್ಟರಿನ ನಾಯಿ

ಬಸವೇಶ್ವರನಗರದಲ್ಲಿ ನಾನು ಮೊದಲು ಇದ್ದ ಪಿಜಿಯ ಗೋಡೆ ಮೇಲೆ ನಿಯಮಗಳ ಹಾಳೆಯೊಂದನ್ನು ಅಂಟಿಸಿದ್ದರು. ಸಿಗರೇಟು, ಕುಡಿತ, ಸಾಕುಪ್ರಾಣಿ ಮೂರಕ್ಕೂ ಒಂದೇ ಸಾಲಿನಲ್ಲಿ ನಿಷೇಧ. ಹಳ್ಳಿಯಿಂದ ಬಂದವನಿಗೆ ಇದು ತಮಾಷೆ ಅನ್ನಿಸಿತ್ತು. ನಮ್ಮೂರಲ್ಲಿ ನಾಯಿ ಜಗುಲಿ ಮೇಲೆ ಮಲಗುತ್ತೆ, ಮಿಕ್ಕ ಮುದ್ದೆ ತಿನ್ನುತ್ತೆ, ಹೊಲಕ್ಕೆ ಹಿಂದೆಯೇ ಬರುತ್ತೆ. ಮನೆ ಹುಡುಗ ಓದೋಕೆ ಪಟ್ಟಣಕ್ಕೆ ಹೋದರೂ ಅದರ ಊಟ ತಪ್ಪೋದಿಲ್ಲ.

ಹಾಸ್ಟೆಲಿನ ಈ ನಿಯಮ ಬಹಳ ಹಳೆಯದು. ಇಂಗ್ಲಿಷ್ ಕವಿ ಬೈರನ್ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಓದುವಾಗ ಅಲ್ಲಿ ನಾಯಿ ಸಾಕುವಂತಿರಲಿಲ್ಲವಂತೆ. ನಿಯಮದಲ್ಲಿ ಕರಡಿಯ ಹೆಸರಿಲ್ಲ ಅಂತ ಆತ 1807ರಲ್ಲಿ ಕರಡಿಯನ್ನೇ ತಂದ. ಅದನ್ನು ಏನು ಮಾಡ್ತೀಯ ಅಂತ ಕೇಳಿದವರಿಗೆ, ಕಾಲೇಜಿನ ಫೆಲೋಶಿಪ್ಪಿಗೆ ಕೂರಿಸ್ತೀನಿ ಅಂದನಂತೆ. ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ನಗ್ತಾರೆ. ಓದು ಮುಗಿದ ಮೇಲೆ ಕರಡಿ ಎಲ್ಲಿಗೆ ಹೋಯ್ತು? ನ್ಯೂಸ್ಟೆಡ್ ಆ್ಯಬಿಗೆ, ಅಂದರೆ ಬೈರನ್ನನ ಸ್ವಂತ ಎಸ್ಟೇಟಿಗೆ. ಅವನಿಗೆ ಜಮೀನಿತ್ತು. ಪಿಜಿ ಹುಡುಗನಿಗೆ ಇರೋದು ಒಂದು ಮಂಚ, ಅರ್ಧ ಕಪಾಟು.

ನಮ್ಮ ಕಾನೂನಿನ ಕಥೆ ನೋಡಿ. ಅಪಾರ್ಟ್‌ಮೆಂಟ್ ಸಂಘಗಳು ಬಹುಮತದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದು, ಸ್ವಂತ ಮನೆಗೆ ಮೂರು ನಾಯಿ ಅಂತ ಲೆಕ್ಕ ಹಾಕಿ ನಿಯಮ ತಂದಿತು. ಜನ ಗಲಾಟೆ ಮಾಡಿದ ಮೇಲೆ ಅದು ಜಾರಿಗೆ ಬರಲಿಲ್ಲ. ಈ ಎರಡು ಜಗಳವೂ ಫ್ಲ್ಯಾಟು, ಮನೆ ಇದ್ದವರದು. ಪಿಜಿಯ ಮಂಚದ ಮಾತು ಎಲ್ಲೂ ಬರಲಿಲ್ಲ.

ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತೆ. ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಹೋಗೋದು ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಇವತ್ತು ಅಷ್ಟರಲ್ಲಿ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ ಬರೋದೂ ಕಷ್ಟ.

ನಿಜವಾದ ತೊಡಕು ಈ ಲೆಕ್ಕದಲ್ಲಿದೆ. ಬಿಇ ಅಂದರೆ ಎಂಟು ಸೆಮಿಸ್ಟರ್, 4 ವರ್ಷ. ನಾಯಿಯ ಆಯಸ್ಸು 10-12 ವರ್ಷ. ಮೊದಲ ವರ್ಷ ಕದ್ದುಮುಚ್ಚಿ ತಂದ ಮರಿ, ಹುಡುಗ ಆಫರ್ ಲೆಟರ್ ಹಿಡಿದು ಪುಣೆಗೋ ಹೈದರಾಬಾದಿಗೋ ಹೊರಟಾಗ ಇನ್ನೂ ಪ್ರಾಯದಲ್ಲಿರುತ್ತೆ. ಆಮೇಲೆ ಅದು ರಸ್ತೆಗೇ ಬೀಳಬಹುದು. ಅಮೆರಿಕದ ಎಕರ್ಡ್ ಕಾಲೇಜು 1973ರಿಂದಲೂ ಹಾಸ್ಟೆಲಿನಲ್ಲಿ ಪ್ರಾಣಿ ಸಾಕಲು ಬಿಡುತ್ತೆ. ಆದರೆ ನಾಯಿ, ಬೆಕ್ಕು ಮೊದಲೇ ಮನೆಯವರ ಜೊತೆ ಬೆಳೆದಿರಬೇಕು ಅನ್ನುತ್ತೆ. ಅಂದರೆ ವಾಪಸ್ ಹೋಗೋಕೆ ಅದಕ್ಕೊಂದು ಮನೆ ಇರಬೇಕು.

ಇದನ್ನು ನಮ್ಮವರು ಸಾವಿರ ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡಿದ್ದರು. ಮದ್ದೂರಿನ ಹತ್ತಿರದ ಆತಕೂರಿನ ಶಾಸನ ಸುಮಾರು ಕ್ರಿ.ಶ. 949ರದು. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೆರ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವ ಊಟ ಮಾಡಿದರೆ ಪಾಪ ಅಂತಲೂ ಬರೆಸಿದರು. ಒಡೆಯ ಇರಲಿ ಬಿಡಲಿ, ನಾಳೆಯ ಹೊಣೆ ಯಾರದು ಅನ್ನೋದು ಕಲ್ಲಿನಲ್ಲೇ ಇತ್ತು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ, ನಮ್ಮ ಏರಿಯಾದಿಂದ ಬಹಳ ದೂರವೇನಲ್ಲ.

ಪಿಜಿ ಓನರುಗಳು ‘ಪ್ರಾಣಿ ಬೇಡ’ ಅನ್ನೋದರ ಬದಲು ಒಂದು ಪ್ರಶ್ನೆ ಕೇಳಲಿ: ಎಂಟನೇ ಸೆಮಿಸ್ಟರ್ ಮುಗಿದ ಮೇಲೆ ಇದು ಯಾರ ಮನೆಗೆ ಹೋಗುತ್ತೆ? ಹೆಸರು, ಊರು ಬರೆದುಕೊಡೋಕೆ ಆಗೋ ಹುಡುಗರು ಸಾಕಲಿ. ಉಳಿದವರು ಭಾನುವಾರ ಮ್ಯೂಸಿಯಮ್ಮಿಗೆ ಹೋಗಿ ಕಾಳಿಯನ್ನು ನೋಡಿಕೊಂಡು ಬರಲಿ.