ಬಂಡಿಯಲ್ಲಿ ಬಂದವರು, ಮೊದಲೇ ಇದ್ದವರು: ಯಲಹಂಕ ನಾಡಿನ ಮೂಲಕಥನ

ಯಲಹಂಕ ನಾಡಪ್ರಭುಗಳ ವಂಶದ ಕಥೆ ಶುರುವಾಗುವುದು ಯುದ್ಧದಿಂದಲ್ಲ, ಹೆಣ್ಣು ಕೇಳಿದ ತಂಟೆಯಿಂದ. ಕಂಚಿ ಸೀಮೆಯ ಆಲೂರಿನಲ್ಲಿದ್ದ ಮೊರಸು ಒಕ್ಕಲಿಗರ ಮನೆಯ ಹುಡುಗಿಯನ್ನು ಅಲ್ಲಿನ ಪಾಳೆಯಗಾರ ಬಯಸಿದ. ಕೊಡಲೊಲ್ಲದ ಮನೆಯವರು ರಾತ್ರೋರಾತ್ರಿ ಬಂಡಿ ಕಟ್ಟಿ, ಪಾಲಾರ್ ದಾಟಿ, ತಮ್ಮ ಮುಖಂಡ ರಣಭೈರೇಗೌಡನ ಹಿಂದೆ ನಡೆದು ಆವತಿಯಲ್ಲಿ ನೆಲೆಯೂರಿದರು. ಅದು 14ನೇ ಶತಮಾನದ ಕೊನೆ. ಈ ಮನೆತನದ ಜಯಗೌಡ 1418ರ ಸುಮಾರಿಗೆ ಯಲಹಂಕದ ಒಡೆಯನಾದ. ಅವನ ವಂಶದ ಕೆಂಪೇಗೌಡ 1537ರಲ್ಲಿ ಬೆಂಗಳೂರು ಕಟ್ಟಿದ.

ಐತಿಹ್ಯ ಕೇಳಿದರೆ ಬಂಡಿ ಇಳಿದ ನೆಲ ಬರೀ ಕಾಡು ಎನ್ನಿಸುತ್ತದೆ. ಕಲ್ಲು ಒಪ್ಪುವುದಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಸಿಕ್ಕ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಟ್ಟವಾಡಿಯ ದಂಡು, ಅಂದರೆ ರಾಷ್ಟ್ರಕೂಟರ ಸೇನೆ, ಏರಿಬಂದಾಗ ಕಾದಿ ಮಡಿದ ಕಿತ್ತಯನ ಹೆಸರು ಅದರಲ್ಲಿದೆ. ‘ಪೆರ್ಬೊಳಲ್ನಾಡು ಮೂವತ್ತು’ ಎಂಬ ಆಡಳಿತ ವಿಭಾಗವೂ ಇದೆ. ಪೆರ್ ಎಂದರೆ ದೊಡ್ಡ, ಪೊಳಲ್ ಎಂದರೆ ಪಟ್ಟಣ. ಕೆರೆಯ ಜೊತೆ ತಳಕು ಹಾಕಿ ಹೆಬ್ಬಾಳದ ಹೆಸರು ಬಿಡಿಸುವವರು ಈ ಕಲ್ಲನ್ನೊಮ್ಮೆ ನೋಡಬೇಕು. ಬಂಡಿಗಳು ಬರುವ ಆರು ಶತಮಾನ ಮೊದಲೇ ಇಲ್ಲಿ ಕನ್ನಡ ಬರೆಯುವ, ಓದುವ ಜನರಿದ್ದರು. ನಡುವೆ ಚೋಳರು ಬಂದರು. ಅವರ ಕಾಲದ ತಮಿಳಿನಲ್ಲಿ ಯಲಹಂಕ ‘ಇಳೈಪ್ಪಾಕ್ಕ ನಾಡು’ ಆಯಿತು.

ಬಂದವರ ನುಡಿಯೂ ಒಂದೇ ಆಗಿರಲಿಲ್ಲ. ಮೂಲ ಹೇಳಿಕೊಂಡದ್ದು ತಮಿಳು ಸೀಮೆ; ಮೊರಸರಲ್ಲಿ ಕೆಲವರ ಮನೆಮಾತು ತೆಲುಗು, ಕೆಲವರದು ಕನ್ನಡ. ಕೆಂಪೇಗೌಡನ ಹೆಸರಿನಲ್ಲಿರುವ ‘ಗಂಗಾಗೌರೀ ವಿಲಾಸ’ ತೆಲುಗು ಯಕ್ಷಗಾನ. ಇವರು ‘ಯಾವ ಭಾಷೆಯವರು’ ಎಂದು ಪಟ್ಟು ಹಿಡಿದು ಕೇಳುವುದು ಇಂದಿನ ಚಟ. ಅಂದಿನವರಿಗೆ ಆ ಪ್ರಶ್ನೆ ಅರ್ಥವಾಗುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ರಕ್ತದ ಲೆಕ್ಕ ಬೇರೆ. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆ ದೇಶದ ಸುಮಾರು 10,000 ಜನರ ವಂಶವಾಹಿಗಳನ್ನು ಓದಿದೆ. ಅದಕ್ಕೂ ಮೊದಲು, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದ ಜನ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಧಾರಾಳವಾಗಿ ಬೆರೆತರು. ಆಮೇಲೆ ಒಳಮದುವೆಯ ಕಟ್ಟು ಬಿಗಿಯಾಯಿತು. ಹೊರಗೆ ಹೆಣ್ಣು ಕೊಡಲಾರೆವೆಂದು ಊರನ್ನೇ ಬಿಟ್ಟವರ ಕಥೆ ಆ ಬಿಗಿಯ ಕಾಲದ್ದು. ಆ ಕುಲ ‘ಶುದ್ಧ’ ಎಂದು ಇದರಿಂದ ಸಾಧಿಸಲಾಗದು. ಬೆರಕೆ ಅದಕ್ಕೂ ಹಿಂದೆಯೇ ಆಗಿಹೋಗಿತ್ತು.

ಮತ್ತೆ ಬಂಡಿಯ ಮಾತಿಗೆ ಬಂದರೆ, ಮೊರಸರ ಒಂದು ಪಂಗಡ ಬಂಡಿದೇವರನ್ನು ಪೂಜಿಸುತ್ತಿತ್ತು. ಹಿರಿಮಗಳ ಕಿವಿ ಚುಚ್ಚುವ ಮುನ್ನ ತಾಯಿ ಎರಡು ಬೆರಳ ತುದಿಗೆಣ್ಣನ್ನು ಆ ದೇವರಿಗೆ ಕತ್ತರಿಸಿ ಕೊಡಬೇಕಿತ್ತು. ಮೈಸೂರು ಸರ್ಕಾರ ಅದನ್ನು ನಿಷೇಧಿಸಿದ ಮೇಲೆ ಹೆಂಗಸರು ಬೆರಳಿಗೆ ಚಿನ್ನದ್ದೋ ಬೆಳ್ಳಿಯದ್ದೋ ಕುಪ್ಪಿಗೆ ತೊಟ್ಟು, ದೇವರೆದುರು ಕಳಚಿ ಇಡತೊಡಗಿದರು.