ಸಂವಿಧಾನಕರ್ತರ ಅಭಿಪ್ರಾಯವೂ ಗಡಿನಾಡಿನ ಮಕ್ಕಳ ನುಡಿಯೂ

ಸಂವಿಧಾನವನ್ನು ರಚಿಸಿದ ಹಿರಿಯರು ಏನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಅದೇ ಮುಂದಿನ ಆಳ್ವಿಕೆಗೆ ಪ್ರಮಾಣವಾಗಬೇಕೆ? ಅಮೆರಿಕದ ನ್ಯಾಯಾಧೀಶರು ಇಂದಿಗೂ ಈ ಪ್ರಶ್ನೆಯಲ್ಲಿ ಒಮ್ಮತಕ್ಕೆ ಬಂದಿಲ್ಲ. ನಮ್ಮಲ್ಲಿ ಇದನ್ನು ತತ್ತ್ವವಿಚಾರವಾಗಿ ಎತ್ತಿಕೊಳ್ಳುವವರು ಕಡಮೆ. ಆದರೆ ಗಡಿನಾಡಿನ ಕನ್ನಡ ಶಾಲೆಯ ಉಪಾಧ್ಯಾಯರಿಗೆ ಇದು ಬರಿಯ ತರ್ಕವಲ್ಲ. ನಮ್ಮ ತರಗತಿಗಳು ಯಾವ ಆಧಾರದ ಮೇಲೆ ನಿಂತಿವೆ ಎಂಬುದು ಈ ಪ್ರಶ್ನೆಯಲ್ಲಿಯೇ ಅಡಗಿದೆ.

1948ರ ಡಿಸೆಂಬರ್ 8ರಂದು ಸಂವಿಧಾನ ರಚನಾಸಭೆಯಲ್ಲಿ ಕರಡಿನ 23ನೆಯ ಅನುಚ್ಛೇದದ ಮೇಲೆ ಚರ್ಚೆ ನಡೆಯಿತು. ಇಂದಿನ 29 ಮತ್ತು 30ನೆಯ ಅನುಚ್ಛೇದಗಳ ಮೂಲ ಅದು. ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ‘ಅಲ್ಪಸಂಖ್ಯಾತ’ರಿಗೆ ಎನ್ನದೆ ‘ಪ್ರಜೆಗಳ ಯಾವುದೇ ವರ್ಗ’ಕ್ಕೆ ಎಂದು ಬರೆದುದೇಕೆಂಬುದನ್ನು ಡಾ. ಅಂಬೇಡ್ಕರರು ಅಂದು ವಿವರಿಸಿದರು. ಮದರಾಸಿನಿಂದ ಹೋಗಿ ಮುಂಬಯಿಯಲ್ಲಿ ನೆಲೆಸಿದವರು, ಮಹಾರಾಷ್ಟ್ರದಿಂದ ಹೋಗಿ ಬಂಗಾಳದಲ್ಲಿ ನೆಲೆಸಿದವರು ರೂಢಿಯ ಅರ್ಥದಲ್ಲಿ ಅಲ್ಪಸಂಖ್ಯಾತರಲ್ಲದಿದ್ದರೂ ಭಾಷೆಯ ದೃಷ್ಟಿಯಿಂದ ಅಲ್ಪಸಂಖ್ಯಾತರೇ. ಅವರಿಗೂ ರಕ್ಷಣೆ ಸಲ್ಲಬೇಕು ಎಂಬುದು ಅವರ ಮಾತಿನ ಸಾರ.

ಈ ಉದಾಹರಣೆಗಳನ್ನು ತುಸು ನಿಂತು ನೋಡಬೇಕು. ಎರಡರಲ್ಲಿಯೂ ಊರು ಬಿಟ್ಟು ಹೊರಟವನು ಮನುಷ್ಯ. ಆದೋನಿಯ ಕನ್ನಡಿಗನಾಗಲಿ ಕಾಸರಗೋಡಿನ ಕನ್ನಡಿಗನಾಗಲಿ ಎಲ್ಲಿಗೂ ಹೋದವನಲ್ಲ. ಅವನು ಮನೆಯಲ್ಲಿಯೇ ಇದ್ದ, ಗೆರೆ ಸರಿಯಿತು. ಅಂದಿನ ಉದಾಹರಣೆಗಳಲ್ಲಿ ಇಂಥವನಿಗೆ ಎಡೆಯಿಲ್ಲ.

ಅದೇ ಚರ್ಚೆಯಲ್ಲಿ ಸಂಯುಕ್ತ ಪ್ರಾಂತದ ಸದಸ್ಯರಾದ ಜೆಡ್. ಎಚ್. ಲಾರಿಯವರು, ಪ್ರತ್ಯೇಕ ಭಾಷೆ ಮತ್ತು ಲಿಪಿಯುಳ್ಳ ಜನರ ಮಕ್ಕಳಿಗೆ ಆ ಭಾಷೆಯಲ್ಲಿಯೇ ಪ್ರಾಥಮಿಕ ಶಿಕ್ಷಣ ದೊರೆಯುವ ಹಕ್ಕು ಇರಬೇಕೆಂದು ತಿದ್ದುಪಡಿ ಸೂಚಿಸಿದರು. ಸಭೆ ಒಪ್ಪಲಿಲ್ಲ. ಈ ಅನುಚ್ಛೇದವು ಸರಕಾರದ ಮೇಲೆ ಯಾವ ಹೊಣೆಯನ್ನೂ ಹೊರಿಸುವುದಿಲ್ಲ, ಬೇರೊಂದು ಸಂಸ್ಕೃತಿಯನ್ನು ಕಾಯಿದೆಯಿಂದ ಹೇರಬಾರದೆಂದು ಮಾತ್ರ ತಡೆಯುತ್ತದೆ ಎಂಬುದು ಅಂಬೇಡ್ಕರರ ವಿವರಣೆ. ಎಂದರೆ, ಸಂವಿಧಾನಕರ್ತರ ಅಭಿಪ್ರಾಯವೇ ಕೊನೆಯ ಮಾತಾಗಿದ್ದರೆ, ಗಡಿನಾಡಿನ ಮಗುವಿಗೆ ತಾಯ್ನುಡಿಯಲ್ಲಿ ಅಕ್ಷರ ಕಲಿಸುವ ಏರ್ಪಾಡು ಸರಕಾರದ ಕರ್ತವ್ಯವೇ ಆಗುತ್ತಿರಲಿಲ್ಲ.

ಭಾಷಾವಾರು ಪ್ರಾಂತಗಳ ವಿಷಯದಲ್ಲಿಯೂ ಅವರ ಒಲವು ಹೀಗೆಯೇ ಇತ್ತು. ಈ ಚರ್ಚೆಯಾದ ಎರಡೇ ದಿನಗಳಲ್ಲಿ, ಡಿಸೆಂಬರ್ 10ರಂದು, ಧರ್ ಆಯೋಗ ತನ್ನ ವರದಿಯನ್ನು ಕೊಟ್ಟು, ಕೇವಲ ಭಾಷೆಯ ಆಧಾರದ ಮೇಲೆ ಪ್ರಾಂತಗಳನ್ನು ಮಾಡುವುದು ದೇಶಕ್ಕೆ ಹಿತವಲ್ಲವೆಂದಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯನವರ ಸಮಿತಿಯೂ 1949ರಲ್ಲಿ ಅದನ್ನು ಮುಂದೂಡುವುದೇ ಲೇಸೆಂದು ಬಗೆಯಿತು. ಆಂಧ್ರದ ಮಟ್ಟಿಗೆ ಮಾತ್ರ ತುಸು ಸಡಿಲು ತೋರಿಸಿತು. 1947ರ ವಿಭಜನೆಯ ಗಾಯ ಆಗಿನ್ನೂ ಹಸಿಯಾಗಿತ್ತು. ಅವರ ಅಂಜಿಕೆಯನ್ನು ಇಂದು ಹಗುರಾಗಿ ಕಾಣುವುದು ಸಲ್ಲದು.

ಆದರೆ ಅಂಜಿಕೆ ಬೇರೆ, ಅವರು ಬರೆದಿಟ್ಟ ವಿಧಿ ಬೇರೆ. ಸಂಸತ್ತು ಸಾಮಾನ್ಯ ಕಾಯಿದೆಯಿಂದಲೇ ರಾಜ್ಯಗಳ ಎಲ್ಲೆಗಳನ್ನು ಬದಲಾಯಿಸಬಹುದೆಂದು 3ನೆಯ ಅನುಚ್ಛೇದದಲ್ಲಿ ಬರೆದವರೂ ಅವರೇ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರರು ಜೆಫರ್ಸನ್ನನನ್ನು ನೆನೆದು, ಒಂದು ತಲೆಮಾರು ಮುಂದಿನ ತಲೆಮಾರನ್ನು ಕಟ್ಟಿಹಾಕಲಾಗದೆಂಬ ಅವನ ವಾದವನ್ನು ಒಪ್ಪಿಕೊಂಡರು. ಈ ಸಂವಿಧಾನಕ್ಕೆ ತಪ್ಪೇ ಇಲ್ಲವೆಂಬ ಮುದ್ರೆಯನ್ನು ಸಭೆ ಒತ್ತಿಲ್ಲ, ತಿದ್ದುಪಡಿಯ ದಾರಿಯನ್ನು ಸುಗಮವಾಗಿಟ್ಟಿದೆ ಎಂದೂ ಹೇಳಿದರು. ತಮ್ಮ ಅಭಿಪ್ರಾಯವೇ ಶಾಶ್ವತವಾಗಿ ನಿಲ್ಲಬೇಕೆಂದು ಕರ್ತರೇ ಕೇಳಲಿಲ್ಲ.

ಆ ದಾರಿಯಲ್ಲಿಯೇ 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರೊಡನೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಹೀಗೆ ಉಳಿದವರ ಗತಿಯೇನೆಂದು ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ವರದಿಯಲ್ಲಿ ವಿಚಾರ ಮಾಡಿತ್ತು. ಅದರ ಫಲವಾಗಿ 7ನೆಯ ತಿದ್ದುಪಡಿಯಿಂದ 350ಎ ಮತ್ತು 350ಬಿ ಅನುಚ್ಛೇದಗಳು ಬಂದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು. ರಾಷ್ಟ್ರಪತಿಗಳು ನಿರ್ದೇಶ ಕೊಡಬಹುದು. 1948ರಲ್ಲಿ ಬಿದ್ದುಹೋದ ಸೂಚನೆಯ ನೆರಳು ಎಂಟು ವರ್ಷಗಳ ಬಳಿಕ ಹೀಗೆ ಒಳಗೆ ಬಂದಿತು. ‘ಪ್ರಯತ್ನ’ ಎಂಬ ಪದ ಎಷ್ಟು ಸಡಿಲವೆಂಬುದನ್ನು ಅಧ್ಯಾಪಕರ ಹುದ್ದೆ ತೆರವಾಗಿ ಕಾದವರು ಬಲ್ಲರು. ಆದರೂ ಹೊಣೆ ಹೊಣೆಯೇ.

ಹಾಗೆಂದು 1949ರ ಮಾತುಗಳನ್ನು ಬದಿಗಿಟ್ಟರೆ ನಷ್ಟವೂ ನಮ್ಮದೇ. ಭಾಷಾ ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ 30ನೆಯ ಅನುಚ್ಛೇದದ ಹಕ್ಕು ಕರ್ತರು ಕೊಟ್ಟದ್ದು, ಮೂಲಭೂತವಾದದ್ದು. ಆದರೆ ಭಾಷಾ ಅಲ್ಪಸಂಖ್ಯಾತರೆಂದರೆ ದೇಶದ ಲೆಕ್ಕದಲ್ಲೋ ರಾಜ್ಯದ ಲೆಕ್ಕದಲ್ಲೋ? ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ, ರಾಜ್ಯದ ಲೆಕ್ಕದಲ್ಲಿ ಎಂದಿತು. ರಾಜ್ಯಗಳು ಭಾಷೆಯ ಆಧಾರದ ಮೇಲೆ ಪುನರ್ವಿಂಗಡಣೆಯಾದುದೇ ಅದಕ್ಕೆ ಕೊಟ್ಟ ಕಾರಣ. 1949ರ ಪದದ ಅರ್ಥ ಹೀಗೆ 1956ರ ಘಟನೆಯಿಂದ ನಿಶ್ಚಯವಾಯಿತು.

ತಿದ್ದುಪಡಿಯ ದಾರಿ ಸುಗಮವಾದರೆ ಬಹುಮತ ಎಲ್ಲವನ್ನೂ ಅಳಿಸಿಬಿಡದೆ? ಇದಕ್ಕೆ ಉತ್ತರ ಬಂದದ್ದೂ ಗಡಿನಾಡಿನ ಹೆಸರಿನಲ್ಲಿಯೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಹೂಡಿದ ಮೊಕದ್ದಮೆಯಲ್ಲಿ, 1973ರ ಏಪ್ರಿಲ್ 24ರಂದು, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲರಚನೆಯನ್ನು ಕೆಡವಲಾಗದು ಎಂದು ಏಳು ಮಂದಿ ಹೇಳಿದರು. ಆರು ಮಂದಿ ಒಪ್ಪಲಿಲ್ಲ. 368ನೆಯ ಅನುಚ್ಛೇದದಲ್ಲಿ ಅಂಥ ಮಿತಿಯನ್ನು ಯಾರೂ ಅಕ್ಷರದಲ್ಲಿ ಬರೆದಿರಲಿಲ್ಲ.

ಇನ್ನು 2014ರ ತೀರ್ಪು. ಕರ್ನಾಟಕವು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಲಿಲ್ಲ. 350ಎ ಸೌಕರ್ಯ ಕೊಡಲು ಹೇಳುತ್ತದೆಯೇ ಹೊರತು ಕಡ್ಡಾಯ ಮಾಡುವ ಅಧಿಕಾರ ಕೊಡುವುದಿಲ್ಲ, ಮಗುವಿನ ಮಾತೃಭಾಷೆ ಯಾವುದೆಂಬುದನ್ನು ತಾಯಿತಂದೆಗಳೇ ನಿರ್ಧರಿಸಬೇಕು ಎಂದಿತು. ಗಡಿಯಾಚೆಗಿನ ನಾವು ಈ ತೀರ್ಪನ್ನು ಎರಡು ಮನಸ್ಸಿನಿಂದ ಓದುತ್ತೇವೆ. ನೆರೆಯ ರಾಜ್ಯದ ಭಾಷೆಯನ್ನು ಮಾಧ್ಯಮವಾಗಿ ಹೇರುವಂತಿಲ್ಲ ಎನ್ನುವುದಕ್ಕೆ ಇದು ಬಲ. ಆದರೆ ಕನ್ನಡ ಶಾಲೆಯನ್ನು ಬಿಡಿಸಿ ಮಗುವನ್ನು ಇಂಗ್ಲಿಷ್ ಶಾಲೆಗೆ ಸೇರಿಸುವ ನಮ್ಮೂರಿನ ತಂದೆಗೂ ಇದೇ ಬಲ. ಅವನಿಗೆ ಹೇಳಬೇಕಾದ ಮಾತು 1948ರ ನಡವಳಿಗಳ ಪುಟಗಳಲ್ಲಿ ಇಲ್ಲ.