ಕೋಲಾರದ ಚಿನ್ನವೂ ಒಂದು ಕರಾರೂ

ಲಕ್ಕೂರಿನಲ್ಲಿ ನನ್ನ ಶಿಷ್ಯನೊಬ್ಬನು ಕರಾರುಪತ್ರದ ಷರತ್ತುಗಳನ್ನು ವಿಚಾರಿಸದೆ ರುಜು ಮಾಡಿ ತನ್ನ ಅಂಗಡಿಯನ್ನೇ ಕಳೆದುಕೊಂಡನು. "ದೊಡ್ಡವರೊಡನೆ ವಾದಿಸುವುದೆಂತು, ಮೇಷ್ಟರೆ?" ಎಂದು ಅವನು ನೊಂದು ಕೇಳಿದನು. ಈ ಪ್ರಶ್ನೆಗೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಉತ್ತರವುಂಟು.

ಮೈಕೇಲ್ ಲ್ಯಾವೆಲ್ಲೆಯು ಸೈನ್ಯದಿಂದ ನಿವೃತ್ತನಾಗಿ ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದನು. ಅವನು 1873ರಲ್ಲಿ ಕೋಲಾರ ಜಿಲ್ಲೆಯಲ್ಲಿ ಗಣಿ ತೋಡುವ ಹಕ್ಕನ್ನು ಮೈಸೂರು ಸರ್ಕಾರದವರಲ್ಲಿ ಕೇಳಿದನು. ಆಗ ಸಂಸ್ಥಾನದ ಆಡಳಿತವು ಆಂಗ್ಲ ಕಮಿಷನರ ಕೈಯಲ್ಲಿದ್ದಿತು. ಸರ್ಕಾರದವರು ಒಪ್ಪಿದರಾದರೂ ಆ ಹಕ್ಕನ್ನು ಮಿತಗೊಳಿಸಲೆಳಸಿದರು. ಲ್ಯಾವೆಲ್ಲೆಯು ಈ ಮಿತಿಗೆ ಒಡಂಬಡಲಿಲ್ಲ. ಯಂತ್ರಗಳಿಗೂ ಕುಶಲ ಕೆಲಸಗಾರರಿಗೂ ತಗಲುವ ಭಾರಿ ವೆಚ್ಚವನ್ನು ಮುಂದಿಟ್ಟು ಬಿನ್ನವಿಸಿಕೊಂಡನು. ಷರತ್ತುಗಳು ಸಡಿಲಗೊಂಡು 1875ರಲ್ಲಿ ಅವನಿಗೆ ಅನುಮತಿಯು ದೊರೆಯಿತು. ಮುಂದೆ ಬಂಡವಾಳವು ಸಾಲದೆ ಬರಲಾಗಿ, ಸರ್ಕಾರದ ಸಮ್ಮತಿಯೊಡನೆ ತನ್ನ ಹಕ್ಕನ್ನು ಬೆರೆಸ್‌ಫರ್ಡ್ ಮೊದಲಾದವರಿಗೆ ವರ್ಗಾಯಿಸಿದನು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೆಲಸವನ್ನು ಕೈಗೊಂಡರು. ಚಿನ್ನದ ಗಣಿಗಳು 2001ರವರೆಗೆ ನಡೆದುವು.

ಅಲ್ಪ ಬಂಡವಾಳದವನಿಗೆ ಅಧಿಕಾರಬಲವಿಲ್ಲದಿದ್ದರೂ ಲೆಕ್ಕದ ಬಲವುಂಟು. ಲ್ಯಾವೆಲ್ಲೆಯು ತನ್ನ ವೆಚ್ಚವನ್ನು ಮೊದಲೇ ಎಣಿಸಿದ್ದುದರಿಂದ ಯಾವ ಷರತ್ತು ತನ್ನನ್ನು ಕೆಡಿಸುವುದೆಂಬುದನ್ನು ಬಲ್ಲವನಾಗಿದ್ದನು, ಬಲ್ಲುದರಿಂದ ಕೇಳಿದನು. ನಮ್ಮ ವರ್ತಕರೂ ರುಜುವಿಗೆ ಮುನ್ನ ಇಷ್ಟನ್ನು ಮಾಡಿದರೆ ಎಷ್ಟೋ ಮನೆಗಳು ಉಳಿದಾವು.